ಹಳೆಯ ಕ್ರೋನೋಗ್ರಾಫ್ ಕೈಗಡಿಯಾರಗಳು: ಆಕರ್ಷಣೆ ಯಾವುದರಲ್ಲಿ, ಬೆಲೆ ಯಾವುದಕ್ಕೆ?

ಹಳೆಮುಳ್ಳು

ಹಳೆಯ ಕ್ರೋನೋಗ್ರಾಫ್‌ಗಳ, ಅಂದರೆ ಗುಂಡಿ ಒತ್ತಿ ಕಾಲಾವಧಿಯನ್ನು ಅಳೆಯಬಲ್ಲ ಕೈಗಡಿಯಾರಗಳ, ಮಾತು ಬಂದಾಗಲೆಲ್ಲ ಚರ್ಚೆ ಹರಾಜಿನ ಅಂಕಿಗಳತ್ತಲೇ ಹೊರಳುತ್ತದೆ. ನಟ ಪಾಲ್ ನ್ಯೂಮನ್ ಅವರು ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು ಎಂಬುದನ್ನು ಇಲ್ಲಿ ಎಲ್ಲರೂ ಬಲ್ಲರು. ಆದರೆ ಅದೇ ಬಗೆಯ ಡಯಲ್ ಇದ್ದ ವಾಚುಗಳು 1960ರ ದಶಕದಲ್ಲಿ ಅಂಗಡಿಗಳಲ್ಲಿ ಬೇಗ ಖರ್ಚಾಗುತ್ತಿರಲಿಲ್ಲ ಎಂಬುದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಆ ಎರಡು ಕಾಲಗಳ ನಡುವೆ ಯಂತ್ರದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ನೋಡುವವರ ಕಣ್ಣು ಮಾತ್ರ. ಹಾಗಾಗಿ ಹರಾಜಿನ ಬೆಲೆಯನ್ನು ಬದಿಗಿಟ್ಟು, ಇಂತಹ ವಾಚೊಂದರ ಒಳಗೆ ಮೆಚ್ಚತಕ್ಕದ್ದು ಏನಿದೆ ಎಂಬುದನ್ನು ವಿಚಾರಿಸೋಣ ಎಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಳೆಯ ಕ್ರೋನೋಗ್ರಾಫ್‌ನ ಮೌಲ್ಯ ಇರುವುದು ಅದರ ಯಂತ್ರದಲ್ಲಿ ಮತ್ತು ಯಾರೂ ಕೈಯಾಡಿಸದೆ ಉಳಿದ ಅದರ ಮೈಯಲ್ಲಿ, ಡಯಲ್ ಮೇಲಿನ ಹೆಸರು ಆಮೇಲಿನ ಮಾತು.

ಹಿಂಬದಿಯ ಮುಚ್ಚಳ ತೆಗೆದು, ವಾಲ್‌ಜೂ ಎಂಬ ಸ್ವಿಸ್ ಕಾರ್ಖಾನೆಯ 72ರಂತಹ ಯಂತ್ರವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಮೇಲಿನ ಗುಂಡಿಯನ್ನು ಒತ್ತಿ ನೋಡಿ. ಕೋಟೆಯ ಬುರುಜಿನಂತೆ ಸುತ್ತಲೂ ಕಂಬಗಳಿರುವ ಪುಟ್ಟ ಕಾಲಮ್ ವೀಲ್ ಒಂದು ಹೆಜ್ಜೆ ತಿರುಗುತ್ತದೆ. ಕಂಬವೊಂದಕ್ಕೆ ಆತುಕೊಂಡಿದ್ದ ಸನ್ನೆಯ ತುದಿ ಎರಡು ಕಂಬಗಳ ನಡುವಿನ ಸಂದಿಗೆ ಜಾರುತ್ತದೆ. ಆ ಸನ್ನೆ ಹೊತ್ತುಕೊಂಡಿರುವ ಜೋಡಣೆ ಚಕ್ರವು ಕೂದಲೆಳೆಯಷ್ಟು ಸರಿದು ನಡುವಿನ ಚಕ್ರದ ಅತಿ ಸಣ್ಣ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಡಯಲ್ ಕಡೆ ಉದ್ದನೆಯ ಮುಳ್ಳು ಹೊರಟಾಗಿರುತ್ತದೆ. ಇನ್ನೊಮ್ಮೆ ಒತ್ತಿದರೆ ಆ ಚಕ್ರ ಹಿಂದೆ ಸರಿದು, ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಕೆಳಗಿನ ಗುಂಡಿ ಒತ್ತಿದಾಗ ಆಗುವುದೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮುಳ್ಳಿನ ಅಚ್ಚಿನಲ್ಲಿ ಹೃದಯದ ಆಕಾರದ ಒಂದು ಚಿಕ್ಕ ಉಕ್ಕಿನ ಬಿಲ್ಲೆ ಇದೆ. ಅದರ ಮೇಲೆ ಚಪ್ಪಟೆ ಮುಖದ ಸುತ್ತಿಗೆಯೊಂದು ಬೀಳುತ್ತದೆ. ಮುಳ್ಳು ಎಲ್ಲೇ ನಿಂತಿರಲಿ, ಸುತ್ತಿಗೆಯ ಒತ್ತಡಕ್ಕೆ ಬಿಲ್ಲೆ ತನ್ನ ತಗ್ಗಿನ ಭಾಗಕ್ಕೆ ತಿರುಗಲೇಬೇಕು, ಮುಳ್ಳು ಸೊನ್ನೆಗೆ ಬರಲೇಬೇಕು. ಅಡಾಲ್ಫ್ ನಿಕೋಲ್ ಎಂಬ ಕುಶಲಕರ್ಮಿ 1844ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಇಂದು ತಯಾರಾಗುವ ಯಾಂತ್ರಿಕ ಕ್ರೋನೋಗ್ರಾಫ್‌ಗಳೂ ಇದನ್ನೇ ನೆಚ್ಚಿಕೊಂಡಿವೆ.

ಇನ್ನು ಡಯಲ್ ಅಂಚಿನ ಅಳತೆಪಟ್ಟಿಗಳು. ಟೆಲಿಮೀಟರ್ ಪಟ್ಟಿ ಇದ್ದರೆ, ಮಿಂಚು ಕಂಡಾಗ ಗುಂಡಿ ಒತ್ತಿ, ಗುಡುಗು ಕೇಳಿದಾಗ ಮತ್ತೆ ಒತ್ತಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿ ಬಿತ್ತೆಂದು ಮುಳ್ಳೇ ತೋರಿಸುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 6 ಸೆಕೆಂಡ್ ಎಂದರೆ ಹೆಚ್ಚುಕಡಿಮೆ 2 ಕಿಲೋಮೀಟರ್. ಫಿರಂಗಿಯ ಬೆಳಕಿಗೂ ಸದ್ದಿಗೂ ನಡುವಿನ ಅಂತರ ಅಳೆಯಲು ಸೈನಿಕರು ಇದನ್ನು ಬಳಸುತ್ತಿದ್ದರು. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ನಮ್ಮೂರಿನ ಜಗಲಿಯ ಮೇಲೆ ಕೂತು ನಾನು ಬಳಸುತ್ತೇನೆ. ಟ್ಯಾಕಿಮೀಟರ್ ಪಟ್ಟಿಯೂ ಅಷ್ಟೇ ಸರಳ. ಹೆದ್ದಾರಿಯ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ 45 ಸೆಕೆಂಡ್ ಹಿಡಿದರೆ ಮುಳ್ಳಿನ ತುದಿಯಲ್ಲಿ 80 ಎಂದಿರುತ್ತದೆ, ಅಂದರೆ ವೇಗ ಗಂಟೆಗೆ 80 ಕಿಲೋಮೀಟರ್. ಕೆಲವು ಹಳೆಯ ವಾಚುಗಳ ನಿಮಿಷದ ಉಪಡಯಲ್‌ನಲ್ಲಿ 3, 6 ಮತ್ತು 9ನೆಯ ನಿಮಿಷದ ಗೆರೆಗಳು ಮಾತ್ರ ಉದ್ದವಾಗಿರುವುದನ್ನು ಗಮನಿಸಿರಬಹುದು. ದೂರವಾಣಿ ಕರೆಗೆ ಮೂರು ಮೂರು ನಿಮಿಷಕ್ಕೆ ಹಣ ಕೊಡಬೇಕಿದ್ದ ಕಾಲದ ಅನುಕೂಲ ಅದು. ಒಂದೂವರೆ ಅಂಗುಲದ ತಟ್ಟೆಯ ಮೇಲೆ ಒಂದು ಕಾಲದ ಜನ ಏನನ್ನು ಅಳೆಯಬೇಕಾಗಿತ್ತು ಎಂಬುದು ಹೀಗೆ ಬರೆದಿಟ್ಟಂತಿದೆ.

ಹೆಸರು ಆಮೇಲಿನ ಮಾತು ಎಂದೆನಲ್ಲ, ಅದಕ್ಕೆ ಕಾರಣವಿದೆ. ಆಗಿನ ಸ್ವಿಸ್ ಪದ್ಧತಿಯಲ್ಲಿ ವಾಲ್‌ಜೂ, ವೀನಸ್, ಲ್ಯಾಂಡರಾನ್, ಲೆಮಾನಿಯಾದಂತಹ ಕೆಲವೇ ಕಾರ್ಖಾನೆಗಳು ಕ್ರೋನೋಗ್ರಾಫ್ ಯಂತ್ರಗಳನ್ನು ಮಾಡುತ್ತಿದ್ದವು. ಹತ್ತಾರು ಕಂಪನಿಗಳು ಅವನ್ನು ಕೊಂಡು, ತಮ್ಮ ಕೇಸ್‌ನಲ್ಲಿ ಕೂರಿಸಿ, ತಮ್ಮ ಹೆಸರು ಅಚ್ಚು ಹಾಕುತ್ತಿದ್ದವು. 1963ರಲ್ಲಿ ಜ್ಯಾಕ್ ಹಾಯರ್ ರೂಪಿಸಿದ ಕರೇರಾ ಎಂಬ ವಾಚಿನ ಒಳಗೂ ವಾಲ್‌ಜೂ 72 ಇತ್ತು, ಅದೇ ವರ್ಷ ಬಂದ ಡೇಟೋನಾದ ಒಳಗೂ ಅದನ್ನೇ ತಿದ್ದಿ ತೀಡಿದ ಯಂತ್ರವಿತ್ತು, ಇಂದು ಹೆಸರೇ ಮರೆತುಹೋಗಿರುವ ಎಷ್ಟೋ ಕಂಪನಿಗಳ ವಾಚುಗಳಲ್ಲೂ ಅದೇ ಇತ್ತು. ಹೀಗಿರುವಾಗ ಹೆಸರಿಲ್ಲದ ವಾಚನ್ನು ಕಡೆಗಣಿಸುವುದು ನ್ಯಾಯವೇ? ಹಿರಿಯರೂ ಕಿರಿಯರೂ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಲೆಕ್ಕಪತ್ರ

ಯಂತ್ರದ ವಿವರಣೆಯನ್ನು ಓದಿ ಸಂತೋಷವಾಯಿತು, ಆದರೆ ಬೆಲೆಯನ್ನು ಬದಿಗಿಡುವ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಬೆಲೆಯಿಲ್ಲದ ವಸ್ತುವಿಗೆ ಏನಾಗುತ್ತದೆ ಎಂಬುದನ್ನು 1970ರ ದಶಕ ನಮಗೆ ತೋರಿಸಿಕೊಟ್ಟಿದೆ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ, ಮುಂದಿನ ಹದಿನೈದು ವರ್ಷಗಳಲ್ಲಿ ಸ್ವಿಸ್ ಗಡಿಯಾರ ಉದ್ಯಮದ ಮೂರರಲ್ಲಿ ಎರಡು ಪಾಲು ಕೆಲಸಗಳು ಇಲ್ಲವಾದವು. ಕೀ ಕೊಡುವ ಕ್ರೋನೋಗ್ರಾಫ್ ಯಾರಿಗೂ ಬೇಡವಾಯಿತು. ಚಿನ್ನದ ಬೆಲೆ ಏರಿದಾಗ ಎಷ್ಟೋ ಚಿನ್ನದ ಕೇಸ್‌ಗಳನ್ನು ಕರಗಿಸಿ, ಒಳಗಿದ್ದ ಯಂತ್ರವನ್ನು ಕಸದಂತೆ ಎಸೆದರು.

ಜೆನಿತ್ ಕಾರ್ಖಾನೆಯ ಪ್ರಸಂಗ ನಿಮಗೆ ತಿಳಿದೇ ಇರುತ್ತದೆ. ಗಂಟೆಗೆ 36,000 ಸಲ ಮಿಡಿಯುವ, ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಅಳೆಯಬಲ್ಲ ಎಲ್ ಪ್ರಿಮೆರೋ ಎಂಬ ಸ್ವಯಂಚಾಲಿತ ಯಂತ್ರವನ್ನು ಅವರು 1969ರ ಜನವರಿಯಲ್ಲಿ ಪ್ರಕಟಿಸಿದ್ದರು. 1975ರಲ್ಲಿ ಅಮೆರಿಕದ ಮಾಲೀಕರು ಯಾಂತ್ರಿಕ ಗಡಿಯಾರಗಳ ತಯಾರಿಕೆಯನ್ನೇ ನಿಲ್ಲಿಸಿ, ಅದರ ಅಚ್ಚು ಮತ್ತು ಉಪಕರಣಗಳನ್ನು ಮಾರಿಬಿಡಲು ಹೇಳಿದಾಗ, ಶಾರ್ಲ್ ವೆರ್ಮೋ ಎಂಬ ಕೆಲಸಗಾರರು ಅವನ್ನೆಲ್ಲ ಗುರುತು ಬರೆದಿಟ್ಟು, ಕಾರ್ಖಾನೆಯ ಅಟ್ಟದಲ್ಲಿ ಬಚ್ಚಿಟ್ಟರು. ಆ ಕಾರಣದಿಂದಲೇ 1980ರ ದಶಕದಲ್ಲಿ ಆ ಯಂತ್ರವನ್ನು ಮತ್ತೆ ಮಾಡಲು ಸಾಧ್ಯವಾಯಿತು. 1988ರಲ್ಲಿ ರೋಲೆಕ್ಸ್ ತನ್ನ ಡೇಟೋನಾಕ್ಕೆ ಅದನ್ನೇ ಆರಿಸಿಕೊಂಡಿತು. ವೆರ್ಮೋ ಅವರ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಆದರೆ ಎಲ್ಲ ಕಾರ್ಖಾನೆಗಳಲ್ಲೂ ಒಬ್ಬೊಬ್ಬ ವೆರ್ಮೋ ಇರಲಿಲ್ಲ. ಹಳೆಯ ವಾಚಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂದ ಮೇಲೆಯೇ ಜನ ಅದನ್ನು ಜೋಪಾನ ಮಾಡಲು, ಸರ್ವಿಸ್ ಮಾಡಿಸಲು, ಬಿಡಿಭಾಗಗಳನ್ನು ಕೂಡಿಡಲು ತೊಡಗಿದರು. ಹಾಗಾಗಿ ಬೆಲೆಯನ್ನು ಶತ್ರುವಿನಂತೆ ಕಾಣುವುದು ಬೇಡ.

ರಿಪೇರಿ ಮೇಜು

ನನ್ನದು ರಿಪೇರಿ ಕಸುಬು. ಮೇಲಿನ ಇಬ್ಬರ ಮಾತಿಗೂ ಮೇಜಿನ ಈ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಕ್ರೋನೋಗ್ರಾಫ್ ಯಂತ್ರದಲ್ಲಿ ಸನ್ನೆಗಳ ಜೊತೆಗೆ ನಡುಬಿಂದುವಿನಿಂದ ತುಸು ಪಕ್ಕಕ್ಕೆ ಸರಿಸಿ ಕೊರೆದ ಕೆಲವು ತಿರುಪುಗಳಿರುತ್ತವೆ. ನೋಡಲು ಸಾಮಾನ್ಯ ಸ್ಕ್ರೂಗಳಂತೆಯೇ ಇರುತ್ತವೆ, ಆದರೆ ಅವುಗಳನ್ನು ತಿರುಗಿಸಿದರೆ ಬಿಗಿಯಾಗುವುದರ ಬದಲು ಜೋಡಣೆ ಚಕ್ರದ ಹಲ್ಲು ನಡುವಿನ ಚಕ್ರದೊಳಗೆ ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ಬದಲಾಗುತ್ತದೆ. ಆಳ ಹೆಚ್ಚಾದರೆ ಕ್ರೋನೋಗ್ರಾಫ್ ಓಡಿಸಿದ ಕೂಡಲೇ ವಾಚು ಉಸಿರುಗಟ್ಟಿದಂತೆ ನಿಧಾನವಾಗುತ್ತದೆ. ಕಡಿಮೆಯಾದರೆ ಮುಳ್ಳು ಜಾರುತ್ತದೆ ಅಥವಾ ಹೊರಡುವಾಗಲೇ ಕುಪ್ಪಳಿಸುತ್ತದೆ. ಇದನ್ನರಿಯದವರು ಬಿಚ್ಚುವಾಗ ಇವನ್ನೂ ತಿರುಗಿಸಿಬಿಟ್ಟಿರುತ್ತಾರೆ. ಆ ತಿರುಪಿನ ಗೀರಿನಲ್ಲಿ ಸ್ಕ್ರೂಡ್ರೈವರ್ ಜಾರಿದ ಗುರುತು ಕಂಡರೆ ಮುಂದೆ ಎಷ್ಟು ಕೆಲಸ ಕಾದಿದೆ ಎಂಬುದು ನನಗೆ ಆಗಲೇ ಗೊತ್ತಾಗುತ್ತದೆ.

ಅದಕ್ಕಿಂತ ಕೆಟ್ಟದ್ದು ಸುತ್ತಿಗೆಗೆ ಅರ ಹಾಕುವುದು. ಮುಳ್ಳು ಸೊನ್ನೆಗೆ ಬರದೆ ಒಂದು ಗೆರೆ ಆಚೆ ನಿಂತರೆ, ಮುಳ್ಳನ್ನು ಕಿತ್ತು ಸರಿಯಾಗಿ ಕೂರಿಸುವುದು ಕ್ರಮ. ಕೆಲವರು ಹಾಗೆ ಮಾಡದೆ ಸುತ್ತಿಗೆಯ ಮುಖವನ್ನೇ ಉಜ್ಜಿಬಿಡುತ್ತಾರೆ. ಆ ಮುಖ ಒಮ್ಮೆ ಓರೆಯಾಯಿತೆಂದರೆ ಹೃದಯ ಬಿಲ್ಲೆ ಎಂದೂ ಗಟ್ಟಿಯಾಗಿ ನಿಲ್ಲುವುದಿಲ್ಲ, ಮತ್ತು ಹೊಸ ಸುತ್ತಿಗೆ ಬೇಕೆಂದರೆ ಇನ್ನೊಂದು ಯಂತ್ರವನ್ನೇ ಬಲಿಕೊಡಬೇಕು. ವೀನಸ್ ಕಂಪನಿಯನ್ನು ವಾಲ್‌ಜೂ 1966ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಲ್ಯಾಂಡರಾನ್ ಕ್ರೋನೋಗ್ರಾಫ್‌ಗಳ ತಯಾರಿಕೆಯೂ ನಿಂತು ದಶಕಗಳಾದವು. ವೀನಸ್ 175ನ್ನು ಮಾಡುತ್ತಿದ್ದ ಯಂತ್ರೋಪಕರಣಗಳು 1960ರ ದಶಕದ ಆರಂಭದಲ್ಲೇ ಚೀನಾದ ಟಿಯಾಂಜಿನ್‌ಗೆ ಹೋದವು. ಅವುಗಳ ಪರಂಪರೆಯ ಸೀಗಲ್ ಯಂತ್ರ ಇಂದಿಗೂ ತಯಾರಾಗುತ್ತಿರುವುದು ನಿಜ. ಆದರೆ ಅದರ ಭಾಗಗಳೆಲ್ಲ ಹಳೆಯ ವೀನಸ್‌ಗೆ ಹಾಗೆಯೇ ಹೊಂದುತ್ತವೆಂದು ಭಾವಿಸಿ ಯಾರೂ ಕೊಳ್ಳಬೇಡಿ.

ಕಾಲಮ್ ವೀಲ್ ಇದ್ದರೆ ಮಾತ್ರ ಶ್ರೇಷ್ಠ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. ಒಮೆಗಾ ತನ್ನ ಸ್ಪೀಡ್‌ಮಾಸ್ಟರ್‌ನಲ್ಲಿ ಲೆಮಾನಿಯಾ ಮಾಡಿಕೊಟ್ಟ 321 ಎಂಬ ಕಾಲಮ್ ವೀಲ್ ಯಂತ್ರವನ್ನು ಬಳಸುತ್ತಿತ್ತು. ನಾಸಾ 1965ರ ಮಾರ್ಚ್‌ನಲ್ಲಿ ಮಾನವಸಹಿತ ಯಾನಗಳಿಗೆ ಒಪ್ಪಿದ್ದು ಅದನ್ನೇ. 1968ರಿಂದ ಕಾಲಮ್ ವೀಲ್ ಬದಲು ಕ್ಯಾಮ್ (ಸನ್ನೆಗಳನ್ನು ಸರಿಸುವ ಉಬ್ಬುತಗ್ಗಿನ ಬಿಲ್ಲೆ) ಇರುವ 861 ಬಂದಿತು. ಗುಂಡಿ ಒತ್ತಿದಾಗ 321ರ ಮೃದುತ್ವ 861ರಲ್ಲಿ ಇಲ್ಲವೆನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕ್ಯಾಮ್ ಯಂತ್ರ ಒರಟು ಬಳಕೆಯನ್ನು ತಾಳಿಕೊಳ್ಳುತ್ತದೆ, ರಿಪೇರಿಗೆ ಬಗ್ಗುತ್ತದೆ. ವಾಲ್‌ಜೂ 7733ರಂತಹ ಕ್ಯಾಮ್ ಯಂತ್ರವಿರುವ ಚೊಕ್ಕ ವಾಚು, ಯಾರೋ ಕೆಡಿಸಿಟ್ಟ ಕಾಲಮ್ ವೀಲ್ ವಾಚಿಗಿಂತ ಹತ್ತು ಪಾಲು ಮೇಲು.

ನಾಡಿಮಿಡಿತ

ನಾನು ವೈದ್ಯಳು. ಅಳತೆಪಟ್ಟಿಗಳ ಮಾತು ಬಂದದ್ದರಿಂದ ನಾಡಿ ಅಳೆಯುವ ಪಲ್ಸೋಮೀಟರ್ ಪಟ್ಟಿಯ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಬಳಿ ಇರುವ ವಾಚಿನ ಅಂಚಿನಲ್ಲಿ 30 ಮಿಡಿತಗಳ ಪಟ್ಟಿ ಇದೆ. ರೋಗಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು ಮೊದಲ ಮಿಡಿತಕ್ಕೆ ಗುಂಡಿ ಒತ್ತಬೇಕು; ಅಲ್ಲಿಂದ 30 ಮಿಡಿತ ಎಣಿಸಿ ಮತ್ತೆ ಒತ್ತಬೇಕು. 25 ಸೆಕೆಂಡ್ ಆಗಿದ್ದರೆ ಮುಳ್ಳು 72ರ ಮೇಲೆ ನಿಂತಿರುತ್ತದೆ, ಗುಣಾಕಾರದ ಗೊಡವೆಯೇ ಇಲ್ಲ. ಬೆರಳಿಗೆ ಸಿಕ್ಕಿಸುವ ವಿದ್ಯುನ್ಮಾನ ಯಂತ್ರ ಅಂಕಿಯನ್ನು ಬೇಗ ಕೊಡುತ್ತದೆ ಎಂಬುದು ನಿಜ. ಆದರೆ ಮಿಡಿತ ಸಮನಾಗಿದೆಯೇ, ನಡುವೆ ತಪ್ಪುತ್ತಿದೆಯೇ, ತುಂಬಿ ಬರುತ್ತಿದೆಯೇ ಎಂಬುದನ್ನು ಬೆರಳು ತಿಳಿಯುತ್ತದೆ. ಎಣಿಸುತ್ತಾ ಕೂತ ಆ ಅರ್ಧ ನಿಮಿಷ ವೈದ್ಯರ ಗಮನವೆಲ್ಲ ಒಬ್ಬ ರೋಗಿಯ ಮೇಲಿರುತ್ತದೆ. ಹಳೆಯ ಉಪಕರಣವೊಂದು ಇಂದಿಗೂ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವುದೇ ನನಗೆ ಅದರ ದೊಡ್ಡ ಆಕರ್ಷಣೆ.

ಜೊತೆಗೆ ಒಂದು ಎಚ್ಚರಿಕೆಯ ಮಾತು. 1960ರ ದಶಕದ ಆರಂಭದವರೆಗಿನ ಎಷ್ಟೋ ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣಕ್ಕೆ ರೇಡಿಯಂ ಬೆರೆಸುತ್ತಿದ್ದರು. ಬಣ್ಣ ಈಗ ಹೊಳೆಯುವುದಿಲ್ಲ ಎಂದಮಾತ್ರಕ್ಕೆ ರೇಡಿಯಂ ಹೋಗಿದೆ ಎಂದು ತಿಳಿಯಬಾರದು. ಸವೆದುಹೋಗಿರುವುದು ಅದರ ಜೊತೆಗಿದ್ದ ಹೊಳೆಯುವ ಪುಡಿ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಮುಚ್ಚಿದ ವಾಚನ್ನು ಆಗೊಮ್ಮೆ ಈಗೊಮ್ಮೆ ಕಟ್ಟುವುದಕ್ಕಿಂತ, ಅದನ್ನು ಮನೆಯಲ್ಲಿ ಬಿಚ್ಚಿ, ಉದುರಿದ ಪುಡಿಯನ್ನು ಊದಿ, ಬೆರಳಿನಿಂದ ಒರೆಸುವುದೇ ಹೆಚ್ಚು ಅಪಾಯ. ಆ ಧೂಳು ಉಸಿರಿನ ಮೂಲಕ ಒಳಗೆ ಹೋಗಬಾರದು. ಮಕ್ಕಳಿರುವ ಮನೆಗಳಲ್ಲಿ ದಯವಿಟ್ಟು ಇದನ್ನು ಗಮನದಲ್ಲಿಡಿ.

ಹಳೆಮುಳ್ಳು

ಲೆಕ್ಕಪತ್ರ ಅವರ ವಾದದಲ್ಲಿ ಹುರುಳಿದೆ. ಬೆಲೆ ಬಂದದ್ದರಿಂದಲೇ ಬಹಳಷ್ಟು ವಾಚುಗಳು ಉಳಿದವು ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಬೆಲೆ ಇನ್ನೊಂದು ಬಗೆಯ ಹಾನಿಯನ್ನೂ ತಂದಿದೆ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಮೊದಲ ಮಾದರಿಯ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಫ್ರಾಂಕ್‌ಗೂ ಹೆಚ್ಚಿಗೆ ಮಾರಾಟವಾಯಿತು. ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಕಟ್ಟಿದ್ದೆಂದು, ಅದರಲ್ಲಿ ತನ್ನ ಹಿಂದಿನ ಕೆಲವು ನೌಕರರ ಕೈವಾಡವಿದೆಯೆಂದು 2023ರಲ್ಲಿ ಒಮೆಗಾ ಕಂಪನಿಯೇ ತಿಳಿಸಿತು. ಭಾಗಗಳ ಬಹುಪಾಲು ಅಸಲಿಯೇ ಆಗಿರಬಹುದು; ಆದರೆ ಆ ಭಾಗಗಳು ಒಂದೇ ವಾಚಿನೊಳಗೆ ಕೂಡಿ ಬಾಳಿದವುಗಳಲ್ಲ. ಅಷ್ಟು ದೊಡ್ಡ ಮೊತ್ತ ಎದುರಿಗಿಲ್ಲದಿದ್ದರೆ ಅಂತಹ ಕೆಲಸಕ್ಕೆ ಯಾರೂ ಕೈಹಾಕುತ್ತಿರಲಿಲ್ಲ. ಅದಕ್ಕೇ ನಾನು ಸಾಧಾರಣ ಹೆಸರಿನ ವಾಚುಗಳ ಪರ ವಹಿಸುವುದು: ಅವುಗಳಿಗೆ ಸುಳ್ಳು ಚರಿತ್ರೆ ಕಟ್ಟುವಷ್ಟು ಲಾಭ ಯಾರಿಗೂ ಇಲ್ಲ.

ನಾಸಾದ ಉಲ್ಲೇಖ ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. 1970ರ ಏಪ್ರಿಲ್‌ನಲ್ಲಿ ಅಪೊಲೊ 13 ನೌಕೆಯ ವಿದ್ಯುತ್ ವ್ಯವಸ್ಥೆ ಕುಸಿದು, ಹಿಂತಿರುಗುವ ದಾರಿಯಲ್ಲಿ ಪಥವನ್ನು ತಿದ್ದಲು ಎಂಜಿನನ್ನು 14 ಸೆಕೆಂಡ್ ಉರಿಸಬೇಕಾಗಿ ಬಂದಾಗ, ಗಗನಯಾತ್ರಿ ಜ್ಯಾಕ್ ಸ್ವಿಗರ್ಟ್ ಆ ಸೆಕೆಂಡುಗಳನ್ನು ಅಳೆದದ್ದು ಕೈಯಲ್ಲಿದ್ದ ಒಮೆಗಾ ಸ್ಪೀಡ್‌ಮಾಸ್ಟರ್‌ನಿಂದ. ನಾಸಾದ ಪರೀಕ್ಷೆಗಳಲ್ಲಿ ಬೇರೆ ಪ್ರಸಿದ್ಧ ಕಂಪನಿಗಳ ವಾಚುಗಳು ಸೋತು ಇದು ಉಳಿದಿತ್ತು. ಈ ವಾಚಿಗೆ ಸಿಕ್ಕ ಗೌರವ ಜಾಹೀರಾತಿನಿಂದ ಹುಟ್ಟಿದ್ದಲ್ಲ, ದುಡಿಮೆಯಿಂದ ಬಂದದ್ದು.

ಹೊಸ ಓದುಗ

ಎಲ್ಲರಿಗೂ ನಮಸ್ಕಾರ. ನಾನು ಈ ಕ್ಷೇತ್ರಕ್ಕೆ ಹೊಸಬ. ಇದುವರೆಗೆ ಎಚ್‌ಎಂಟಿಯ ಕೀ ಕೊಡುವ ವಾಚುಗಳನ್ನು ಮಾತ್ರ ಕೂಡಿಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ಎರಡು ಕ್ರೋನೋಗ್ರಾಫ್‌ಗಳು ಕಣ್ಣಿಗೆ ಬಿದ್ದಿವೆ. ಒಂದರ ಡಯಲ್ ಫಳಫಳ ಹೊಳೆಯುವ ಕಪ್ಪು, ಅಂಕಿಗಳು ಹಾಲಿನಂತೆ ಬಿಳಿ. 1950ರ ದಶಕದ್ದೆಂದು ಮಾರುವವರು ಹೇಳುತ್ತಾರೆ. ಇನ್ನೊಂದರ ಡಯಲ್ ಬೆಳ್ಳಿ ಬಣ್ಣದ್ದು, ಅಂಚಿನಲ್ಲಿ ಕಂದು ತಿರುಗಿದೆ, ಹೆಸರು ನಾನು ಕೇಳಿದ್ದಲ್ಲ, ಮೇಲಿನ ಗುಂಡಿ ಒತ್ತಿದರೆ ಮುಳ್ಳು ಹೊರಡುತ್ತದೆ, ಆದರೆ ಅದನ್ನೇ ಮತ್ತೆ ಒತ್ತಿದರೆ ನಿಲ್ಲುವುದಿಲ್ಲವಂತೆ. ಎರಡನೆಯದು ಕೆಟ್ಟಿದೆ ಎಂದು ಅದನ್ನು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಮನಸ್ಸು ಮೊದಲನೆಯದರತ್ತ ವಾಲುತ್ತಿದೆ. ತಿಳಿದವರು ದಾರಿ ತೋರಿಸಬೇಕು.

ಹಳೆಮುಳ್ಳು

ಎಪ್ಪತ್ತು ವರ್ಷದ ಡಯಲ್ ನೆನ್ನೆ ಮೊನ್ನೆ ಮಾಡಿದಂತೆ ಹೊಳೆಯುತ್ತಿದ್ದರೆ ಮೊದಲು ಅನುಮಾನ ಪಡಿ. ನಮ್ಮ ದೇಶದಲ್ಲಿ ಹಳೆಯ ಡಯಲ್‌ಗಳಿಗೆ ಹೊಸದಾಗಿ ಬಣ್ಣ ಬಳಿದು, ಅಕ್ಷರ ಅಚ್ಚು ಹಾಕಿ ಮಾರುವ ದಂಧೆ ಎಷ್ಟು ಬೆಳೆದಿದೆಯೆಂದರೆ, ಹೊರದೇಶಗಳ ಸಂಗ್ರಾಹಕರು ಅಂತಹ ವಾಚುಗಳನ್ನು ಮುಂಬೈ ಸ್ಪೆಷಲ್ ಎಂದೇ ಕರೆಯುತ್ತಾರೆ. ಎಚ್‌ಎಂಟಿ ಕೂಡಿಟ್ಟವರಾದ್ದರಿಂದ ನಿಮಗೆ ಇದು ತೀರಾ ಅಪರಿಚಿತವಲ್ಲ. ಕಾರ್ಖಾನೆ ಎಂದೂ ಮಾಡದ ಬಣ್ಣಗಳ ಜನತಾ, ಪೈಲಟ್ ಡಯಲ್‌ಗಳನ್ನು ನೀವೂ ಕಂಡಿರಬೇಕು.

ಕ್ರೋನೋಗ್ರಾಫ್ ಡಯಲ್ ಮರುಬಣ್ಣದ್ದೇ ಎಂದು ಪತ್ತೆ ಮಾಡಲು ಅಳತೆಪಟ್ಟಿಯೇ ಒಳ್ಳೆಯ ಸಾಕ್ಷಿ. ಒಂದು ಕಿಲೋಮೀಟರಿನ ಟ್ಯಾಕಿಮೀಟರ್ ಪಟ್ಟಿಯಲ್ಲಿ 60 ಎಂಬ ಅಂಕಿ 60ನೆಯ ಸೆಕೆಂಡಿನ ಎದುರು, 120 ಎಂಬುದು 30ನೆಯ ಸೆಕೆಂಡಿನ ಎದುರು, 240 ಎಂಬುದು 15ನೆಯ ಸೆಕೆಂಡಿನ ಎದುರು ಇರಲೇಬೇಕು, ಏಕೆಂದರೆ 3,600ನ್ನು ಸೆಕೆಂಡುಗಳಿಂದ ಭಾಗಿಸಿದ ಲೆಕ್ಕ ಅದು. ಬಣ್ಣ ಬಳಿಯುವವರಿಗೆ ಆ ಲೆಕ್ಕದ ಹಂಗಿಲ್ಲ. ಅಂದಕ್ಕೆಂದು ಅಂಕಿಗಳನ್ನು ಸಮದೂರದಲ್ಲಿ ಕೂರಿಸಿಬಿಡುತ್ತಾರೆ. ಆಮೇಲೆ ಸೆಕೆಂಡಿನ ಗೆರೆಗಳ ನಡುವಿನ ಭಾಗಗಳನ್ನು ಎಣಿಸಿ. ಆ ಕಾಲದ ಬಹುತೇಕ ಯಂತ್ರಗಳು ಗಂಟೆಗೆ 18,000 ಸಲ ಮಿಡಿಯುತ್ತಿದ್ದವು, ಅಂದರೆ ಸೆಕೆಂಡಿಗೆ ಐದು. ಆದ್ದರಿಂದ ಸೆಕೆಂಡನ್ನು ಐದು ಭಾಗ ಮಾಡಿದ ಗೆರೆಗಳು ಸಹಜ. ಉಪಡಯಲ್‌ನ ಅಂಚು ಚೂಪಾಗಿದೆಯೇ ಅಥವಾ ಬಣ್ಣ ತುಂಬಿ ಮೊಂಡಾಗಿದೆಯೇ, ಅದರೊಳಗಿನ ವೃತ್ತಾಕಾರದ ಸಣ್ಣ ಗೆರೆಗಳು ಉಳಿದಿವೆಯೇ ಎಂಬುದನ್ನೂ ನೋಡಿ. ಮುಳ್ಳುಗಳ ಮೇಲಿನ ಹೊಳೆಯುವ ಬಣ್ಣಕ್ಕೂ ಅಂಕಿಗಳ ಮೇಲಿನದಕ್ಕೂ ತಾಳೆಯಾಗಬೇಕು. ಡಯಲ್‌ನ ಕೆಳತುದಿಯಲ್ಲಿ ಸ್ವಿಸ್ ಎಂಬುದರ ಎರಡೂ ಕಡೆ ಟಿ ಅಕ್ಷರವಿದ್ದರೆ ಅದು ಹೊಳೆಯುವ ಬಣ್ಣಕ್ಕೆ ರೇಡಿಯಂ ಬದಲು ಟ್ರಿಟಿಯಂ ಬಳಸಿದ ಗುರುತು. ಆ ಗುರುತು 1960ರ ದಶಕದಲ್ಲಿ ರೂಢಿಗೆ ಬಂದದ್ದು. 1950ರ ದಶಕದ್ದೆನ್ನುವ ವಾಚಿನಲ್ಲಿ ಅದು ಕಂಡರೆ ಏನೋ ತಪ್ಪಿದೆ ಎಂದೇ ಅರ್ಥ.

ಕೇಸ್‌ನ ಮೂಲೆಗಳನ್ನೂ ಗಮನಿಸಿ. ಕೈಗೆ ಕಟ್ಟುವ ಪಟ್ಟಿ ಕೂಡುವ ಕಾಲುಗಳ ಅಂಚು ಮೂಲದಲ್ಲಿ ಚಾಕುವಿನಂತೆ ಇರುತ್ತಿತ್ತು. ಪಾಲಿಶ್ ಹೊಡೆದು ಹೊಡೆದು ಅದು ಗುಂಡಗಾಗಿದ್ದರೆ, ಹೋದ ಲೋಹ ಮತ್ತೆ ಬಾರದು. ಮೇಲಿನ ಅಕ್ರಿಲಿಕ್ ಗಾಜಿನ ಗೀರುಗಳಿಗೆ ಹೆದರುವ ಅಗತ್ಯವಿಲ್ಲ. ಪಾಲಿಶ್ ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದರೆ ಹೋಗುತ್ತವೆ. ಎರಡನೆಯ ವಾಚಿನ ಅಂಚಿನ ಕಂದು ಬಣ್ಣವನ್ನು ಯಾರೂ ಅಳಿಸಲು ಹೋಗದಿದ್ದರೆ ಅದೇ ಅದರ ದೊಡ್ಡ ಗುಣ. ಗುಂಡಿಯ ವಿಷಯವನ್ನು ರಿಪೇರಿ ಮೇಜು ಅವರೇ ಹೇಳಲಿ.

ಕರಾವಳಿಗ

ಚರ್ಚೆ ಸ್ವಿಟ್ಜರ್‌ಲೆಂಡಿನ ಸುತ್ತಲೇ ತಿರುಗುತ್ತಿದೆ; ಜಪಾನಿನ ಪಾಲನ್ನೂ ಸೇರಿಸಬೇಕು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಸಿಟಿಜನ್ ಸಹಯೋಗದಿಂದ ವಾಚು ಮಾಡತೊಡಗಿದರೂ ಅದರ ಕೀರ್ತಿ ಸಮಯ ತೋರಿಸುವ ಸಾದಾ ವಾಚುಗಳದ್ದು. ಯಾಂತ್ರಿಕ ಕ್ರೋನೋಗ್ರಾಫ್ ನಮ್ಮ ಕಡೆಗೆ ಬಂದದ್ದು ಹೆಚ್ಚಾಗಿ ಹೊರಗಿನಿಂದ. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ತಂದ ಸೈಕೋ ವಾಚುಗಳು ನಮ್ಮ ಕಡೆಯ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿವೆ. ನನ್ನ ಸಂಗ್ರಹ ಶುರುವಾದದ್ದೂ 6139 ಯಂತ್ರವಿದ್ದ ಅಂತಹ ಒಂದು ಸೈಕೋ ಕ್ರೋನೋಗ್ರಾಫ್‌ನಿಂದ.

ಮೊದಲ ಸ್ವಯಂಚಾಲಿತ ಕ್ರೋನೋಗ್ರಾಫ್ ಯಾರದೆಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. 1969ರಲ್ಲಿ ಜೆನಿತ್, ಹಾಯರ್ ಮತ್ತು ಬ್ರೈಟ್ಲಿಂಗ್ ಇದ್ದ ಕೂಟ, ಸೈಕೋ, ಮೂವರೂ ತಂತಮ್ಮದನ್ನು ಹೊರತಂದರು. ನನಗೆ ಮುಖ್ಯವೆನಿಸುವುದು 6139ರ ಒಳಗಿನ ಜಾಣ್ಮೆ. ಅದರಲ್ಲಿ ಚಕ್ರ ಅಡ್ಡಕ್ಕೆ ಸರಿದು ಹಲ್ಲಿಗೆ ಹಲ್ಲು ಕಚ್ಚುವುದಿಲ್ಲ. ನಡುವಿನ ಅಚ್ಚಿನಲ್ಲಿ ಒಂದರ ಮೇಲೊಂದು ಕೂತ ತಟ್ಟೆಗಳು ಮೇಲಿಂದ ಕೆಳಕ್ಕೆ ಒತ್ತಿಕೊಂಡು ಒಂದಾಗುತ್ತವೆ. ಹೊರಡುವಾಗ ಮುಳ್ಳು ಎಗರುವುದೇ ಇಲ್ಲ. ಇಂದಿನ ಅತಿ ದುಬಾರಿ ಕ್ರೋನೋಗ್ರಾಫ್‌ಗಳಲ್ಲೂ ಇದೇ ಬಗೆಯ ಕ್ಲಚ್ ಇದೆ. ಗಗನಯಾತ್ರಿ ವಿಲಿಯಂ ಪೋಗ್ 1973ರ ಕೊನೆಯಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಕಟ್ಟಿಕೊಂಡಿದ್ದ ಹಳದಿ ಡಯಲ್‌ನ ವಾಚು ಈ ಯಂತ್ರದ್ದೇ. ಹೆಸರಿಗಿಂತ ಯಂತ್ರ ಮುಖ್ಯ ಎಂಬ ಹಳೆಮುಳ್ಳು ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ರಿಪೇರಿ ಮೇಜು

ಹೊಸ ಓದುಗರೇ, ನಿಮ್ಮ ಎರಡನೆಯ ವಾಚು ಬಹುಶಃ ಕೆಟ್ಟಿಲ್ಲ. ಲ್ಯಾಂಡರಾನ್ 48ರ ಬಳಗದ ಯಂತ್ರಗಳ ಸ್ವಭಾವವೇ ಅದು. ಮೇಲಿನ ಗುಂಡಿಗೆ ಹೊರಡಿಸುವ ಕೆಲಸ ಮಾತ್ರ; ಕೆಳಗಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಮುಳ್ಳು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಸೊನ್ನೆಗೆ ಮರಳುತ್ತದೆ. ಇದನ್ನರಿಯದವರು ಮೇಲಿನ ಗುಂಡಿಯನ್ನೇ ಬಲವಾಗಿ ಒತ್ತಿ ಒತ್ತಿ ಕೆಡಿಸುತ್ತಾರೆ. ಮಾರುವವರಿಗೆ ಕೆಳಗಿನ ಗುಂಡಿಯನ್ನು ಒತ್ತಿ ತೋರಿಸಲು ಹೇಳಿ. ಬೇರೆ ಕ್ರೋನೋಗ್ರಾಫ್‌ಗಳ ವಿಷಯದಲ್ಲೂ ಇದು ನೆನಪಿರಲಿ: ಅದಕ್ಕೆಂದೇ ಮಾಡಿದ ಯಂತ್ರವಲ್ಲದಿದ್ದರೆ, ಮುಳ್ಳು ಓಡುತ್ತಿರುವಾಗ ಸೊನ್ನೆಗೆ ತರಲು ಒತ್ತಬಾರದು.

ಹಣ ಕೊಡುವ ಮುಂಚೆ ಮುಚ್ಚಳ ತೆಗೆದ ಯಂತ್ರದ ಸ್ಪಷ್ಟ ಚಿತ್ರವನ್ನು ಕೇಳಿ. ತುಕ್ಕು, ಮಾಸಿದ ತಿರುಪುಗಳು, ಕಾಣೆಯಾದ ಸ್ಪ್ರಿಂಗ್ ಇವೆಯೇ ನೋಡಿ. ಚಿತ್ರ ಕೊಡಲು ಒಪ್ಪದವರಿಂದ ಕೊಳ್ಳಬೇಡಿ. ಕ್ರೋನೋಗ್ರಾಫ್ ಓಡಿಸಿದ ಒಂದು ವಿಡಿಯೋವನ್ನೂ ಕೇಳಿ: ಮುಳ್ಳು ಪೂರ್ತಿ ಒಂದು ಸುತ್ತು ಬಂದಾಗ ನಿಮಿಷದ ಮುಳ್ಳು ಒಂದು ಗೆರೆ ಮುಂದಕ್ಕೆ ಹೋಗಬೇಕು, ಸೊನ್ನೆಗೆ ತಂದಾಗ ಎರಡೂ ಮುಳ್ಳುಗಳು ನೆಟ್ಟಗೆ ನಿಲ್ಲಬೇಕು. ಕ್ರೋನೋಗ್ರಾಫ್ ಸರ್ವಿಸ್‌ಗೆ ಸಾದಾ ವಾಚಿನ ಹಲವು ಪಟ್ಟು ಖರ್ಚಾಗುತ್ತದೆ, ಅದನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಕೊಂಡ ಮೇಲೆ ಹಳೆಯ ಎಣ್ಣೆ ತೆಗೆಸಿ, ಶುಚಿ ಮಾಡಿಸುವವರೆಗೆ ಗುಂಡಿಗಳನ್ನು ಮುಟ್ಟಬೇಡಿ; ಒಣಗಿದ ಅಚ್ಚುಗಳ ಮೇಲೆ ಓಡಿಸಿದಷ್ಟೂ ಸವೆತ. ನೀರು ತಾಗಿಸಲೇಬೇಡಿ.

ಹೊಸ ಓದುಗ

ಧನ್ಯವಾದಗಳು. ಮೊದಲನೆಯ ವಾಚಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಟ್ಯಾಕಿಮೀಟರ್‌ನ 120 ಎಂಬುದು 35ನೆಯ ಸೆಕೆಂಡಿನ ಎದುರಿದೆ, ಅದನ್ನು ಬಿಟ್ಟಿದ್ದೇನೆ. ಎರಡನೆಯದರಲ್ಲಿ ಕೆಳಗಿನ ಗುಂಡಿ ಒತ್ತಿದಾಗ ಮುಳ್ಳು ನಿಂತಿತೆಂದು, ಮತ್ತೆ ಒತ್ತಿದಾಗ ಸೊನ್ನೆಗೆ ಬಂದಿತೆಂದು ಮಾರುವವರು ತಿಳಿಸಿದ್ದಾರೆ. ಯಂತ್ರದ ಚಿತ್ರ ಕೇಳಿದ್ದೇನೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ರಿಪೇರಿ ಮೇಜು ಅವರು ಸುತ್ತಿಗೆಯ ಮುಖವನ್ನೊಮ್ಮೆ ನೋಡಿ ಹೇಳಬೇಕು.